ನಾಲ್ಕು ಕುಳಿಗಳಿದ್ದ ಮಣಿ

ನನ್ನ ಕೈಕೆಲಸದ ಬಗ್ಗೆ ನನಗೆ ಆಗ ಬಹಳ ಜಂಬವಿತ್ತು. ಎಂಬತ್ತರ ದಶಕದ ಸಾಂಟಾ ಕ್ಲಾರಾದಲ್ಲಿ ಕರಿಮಣಿ ಸರ ಹರಿದರೆ ಪೋಣಿಸಿಕೊಡುವ ಅಂಗಡಿ ಎಲ್ಲಿತ್ತು? ಕ್ಯುಪರ್ಟಿನೋದಿಂದಲೂ ಹೆಂಗಸರು ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತಿದ್ದರು. ಸರ ಬಿಚ್ಚುವ ಮೊದಲು ಅವರ ಕೊರಳಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿ, ಕತ್ತು ಬರಿದಾಗದಂತೆ ನೋಡಿಕೊಂಡು, ಆಮೇಲೆ ಕೆಲಸಕ್ಕೆ ಕೂರುತ್ತಿದ್ದೆ. ಮೈಸೂರಿನಲ್ಲಿ ಅಜ್ಜಿ ಕಲಿಸಿದ ಎರಡು ನೇಮಗಳಿದ್ದವು. ಮುಕ್ಕಾದ ಮಣಿ ಭಿನ್ನ, ಅದನ್ನು ಹಾಗೆಯೇ ಕೊರಳಿಗೆ ಹಾಕಬಾರದು. ಬೇರೆಯವರ ಒಡವೆಯನ್ನು ತೊಳೆದು ಹೊಳಪು ಮಾಡದೆ ಹಿಂದಿರುಗಿಸಬಾರದು. ಈ ಎರಡನ್ನೂ ಚಾಚೂ ತಪ್ಪದೆ ಪಾಲಿಸಿ ನಾನು ಒಬ್ಬ ಗೆಳತಿಯ ಎದೆ ಒಡೆದೆ. ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಅವಳು ಸಿಕ್ಕಿದ್ದು ಎಲ್ ಕಮಿನೋ ರಿಯಲ್‌ನ ಒಂದು ಇಂಡಿಯನ್ ಗ್ರೋಸರಿಯಲ್ಲಿ. ಬೆಂಡೆಕಾಯಿ ಬಲಿತುಹೋಗಿದೆ ಎಂದು ನಾನು ಕನ್ನಡದಲ್ಲೇ ಗೊಣಗುತ್ತಿದ್ದೆ. ಪಕ್ಕದಲ್ಲಿದ್ದ ಟಿಬೆಟಿನ ಹೆಂಗಸು, "ತುದಿ ಮುರ್ದು ನೋಡಿ ಅಕ್ಕ. ಪಟ್ ಅಂದ್ರೆ ತಗೊಳ್ಳಿ, ಇಲ್ಲಾಂದ್ರೆ ಬುಡಿ" ಅಂದಳು. ನನ್ನ ಕೈಯಲ್ಲಿದ್ದ ಚೀಲ ಜಾರಿತು. ಅವಳು ಬೈಲಕುಪ್ಪೆಯ ಕ್ಯಾಂಪಿನಲ್ಲಿ ಬೆಳೆದವಳು. ಚಳಿಗಾಲ ಬಂದರೆ ತಾಯಿಯ ಜೊತೆ ಮೈಸೂರಿನ ಫುಟ್‌ಪಾತಿನಲ್ಲಿ ಸ್ವೆಟರು ಮಾರುತ್ತಿದ್ದಳಂತೆ. ಈಗ ಮೆನ್ಲೋ ಪಾರ್ಕಿನ ಡಾಕ್ಟರ್ ದಂಪತಿಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮುಂದಿನ ಭಾನುವಾರವೇ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಳು. ಆಮೇಲೆ ಭಾನುವಾರವೆಂದರೆ ಅವಳ ದಿನ ಎಂದೇ ಆಯಿತು.

ಅವಳ ಕೊರಳಲ್ಲಿ ಹವಳಗಳ ನಡುವೆ ಒಂದು ಉದ್ದನೆಯ ಕಂದು ಮಣಿ ಇತ್ತು. ಮೈಮೇಲೆ ಬಿಳಿ ಗೆರೆ, ಕಣ್ಣಿನಂಥ ಮೂರು ವೃತ್ತ. ಅದಕ್ಕೆ ಝೀ ಅನ್ನುತ್ತಾರೆ ಎಂದು ಅವಳೇ ಹೇಳಿದಳು. ಅದನ್ನು ಮನುಷ್ಯರು ಮಾಡಿದ್ದಲ್ಲವಂತೆ, ಮೇಲಿನಿಂದ ಬಿದ್ದದ್ದಂತೆ, ತೊಟ್ಟವರಿಗೆ ಬರುವ ಪೆಟ್ಟನ್ನು ತಾನು ತಿನ್ನುತ್ತದಂತೆ. ನನಗೆ ಮಣಿಗಳ ಹುಚ್ಚು ಹತ್ತಿದ್ದು ಅವಳಿಂದಲೇ. ಸ್ಯಾನ್ ಹೋಸೆಯ ಸಂತೆಯಲ್ಲಿ ಹಳೇ ಝೀ ಎಂದು ಒಂದನ್ನು ಕೊಂಡು ತಂದು, ದೊಡ್ಡ ಸಾಧನೆ ಮಾಡಿದವಳಂತೆ ಅವಳ ಮುಂದೆ ಇಟ್ಟೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಅಕ್ಕ, ಇದು ಸೋಡಾ ಬಾಟ್ಲಿ" ಅಂದಳು. ಅವತ್ತು ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಒಮ್ಮೆ ಅವಳನ್ನು ಬರ್ಕ್ಲಿಯ ಹಳೇ ಮಣಿಗಳ ವ್ಯಾಪಾರಿಯೊಬ್ಬನ ಬಳಿ ಕರೆದುಕೊಂಡು ಹೋದೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಮಣಿಯನ್ನು ಬಹಳ ಹೊತ್ತು ತಿರುಗಿಸಿದ. ನಿಜವಾದ ಹಳೇ ಮಣಿಯಾದರೆ ತೂತಿನ ಅಂಚು ದಾರ ಉಜ್ಜಿ ಉಜ್ಜಿ ದುಂಡಗಾಗಿರಬೇಕು, ಮೈಯಲ್ಲಿ ಉಗುರಿನ ಗೆರೆಯಂಥ ಸಣ್ಣ ಬಿರುಕುಗಳಿರಬೇಕು, ಹೊಳಪು ಮನುಷ್ಯರ ಚರ್ಮ ತಾಗಿ ಬಂದದ್ದಿರಬೇಕು ಎಂದು ನನಗೆ ಪಾಠ ಹೇಳಿದ. ಒಂದು ಕಾರು ಬರುವಷ್ಟು ಬೆಲೆ ಕೊಡುತ್ತೇನೆಂದ. ಬದಿಯಲ್ಲಿ ನಾಲ್ಕು ಸಣ್ಣ ಕುಳಿಗಳಿದ್ದವು, ಅವಿಲ್ಲದಿದ್ದರೆ ಇನ್ನೂ ಹೆಚ್ಚು ಕೊಡಬಹುದಿತ್ತು ಅಂತಲೂ ಅಂದ. ಅವಳು ಮಣಿಯನ್ನು ಕುಪ್ಪಸದೊಳಗೆ ಸೇರಿಸಿ ಎದ್ದಳು. ಹೊರಗೆ ಬಂದಮೇಲೆ, "ಅಮ್ಮ ಸತ್ತಾಗ ನಂಗೆ ಉಳ್ದಿದ್ದು ಇದೊಂದೇ ಅಕ್ಕ" ಅಂದಳು. ಆ ಕುಳಿಗಳು ಹೇಗಾದವೆಂದು ಅವಳನ್ನು ಒಂದು ಮಾತು ಕೇಳಬಹುದಿತ್ತು. ನನ್ನ ದರಿದ್ರ ಬಾಯಿ ಬೇರೆಲ್ಲ ಕೇಳಿತು, ಅದೊಂದನ್ನು ಕೇಳಲಿಲ್ಲ.

ಮುಂದಿನ ವರ್ಷ ಕ್ಯಾಂಪಿನಿಂದ ಕಾಗದ ಬಂತು. ಅವಳ ಅಪ್ಪ ಹಾಸಿಗೆ ಹಿಡಿದಿದ್ದ. ಡಾಕ್ಟರ್ ದಂಪತಿ ಟಿಕೆಟ್ ತೆಗೆಸಿಕೊಟ್ಟರು. ಹೊರಡಲು ಇನ್ನು ಹತ್ತು ದಿನವಿದೆ ಎನ್ನುವಾಗ, ಭಾನುವಾರ ಅವಳು ಬಂದು ಕೊರಳಿಂದ ಸರ ತೆಗೆದು ನನ್ನ ಕೈಯಲ್ಲಿಟ್ಟಳು. ದಾರ ಸವೆದು ಎಳೆ ಎದ್ದಿತ್ತು.

"ಗಟ್ಟಿಯಾಗಿ ಪೋಣ್ಸಿಕೊಡಿ ಅಕ್ಕ. ಅಪ್ಪನ ಕೈಗೆ ಇದ್ನ ಕೊಡ್ಬೇಕು. ಅಮ್ಮನ್ನ ಕರ್ಕೊಂಡ್ ಬಂದಂಗೆ ಆಯ್ತದೆ."

ನಾನು ಅಭ್ಯಾಸಬಲದಿಂದ ಅರಿಶಿನದ ದಾರ ತಂದು ಅವಳ ಕೊರಳಿಗೂ ಕಟ್ಟಿದೆ. "ನಂಗೆ ಯಾವ ಗಂಡ ಅಕ್ಕ?" ಎಂದು ನಗುತ್ತಲೇ ಅದನ್ನು ಹಾಕಿಕೊಂಡು ಹೋದಳು.

ಸೋಮವಾರ ಅಂಟುವಾಳದ ನೀರಿನಲ್ಲಿ ಹವಳಗಳನ್ನೂ ಮಣಿಯನ್ನೂ ತೊಳೆದೆ. ಒದ್ದೆ ಮಣಿಯ ಮೇಲೆ ಆ ನಾಲ್ಕು ಕುಳಿಗಳು ಎದ್ದು ಕಂಡವು. ಕಾಯಿಲೆಯವನ ಕೈಗೆ ಭಿನ್ನವಾದ ಮಣಿ ಕೊಡುವುದೇ ಎಂದು ಮನಸ್ಸಿಗೆ ಒಂದು ಥರಾ ಆಯಿತು. ಅದಕ್ಕಿಂತ ನಿಜ ಹೇಳಬೇಕೆಂದರೆ, ಅವಳು ಬಂದು ನೋಡಿ ಬೆರಗಾಗಬೇಕು, ನನ್ನನ್ನು ಹೊಗಳಬೇಕು ಎಂಬ ಆಸೆ. ಸ್ಯಾನ್ ಹೋಸೆಯಲ್ಲಿ ಗ್ಯಾರೇಜಿನಲ್ಲಿ ಕಲ್ಲು ಉಜ್ಜುವ ಮುದುಕನೊಬ್ಬ ನನಗೆ ಪರಿಚಯವಿದ್ದ. ಅವನು ಮಣಿಯನ್ನು ನೋಡಿ, "ಆರ್ ಯೂ ಶೂರ್? ಹೊಸದರ ಹಾಗೆ ಕಾಣುತ್ತೆ ಆಮೇಲೆ" ಎಂದು ಎರಡು ಸಲ ಕೇಳಿದ. ಹೊಸದರ ಹಾಗೇ ಆಗಲಿ ಎಂದೆ. ಚಕ್ರಕ್ಕೆ ನೀರು ಹನಿಸುತ್ತ ಅವನು ಒಂದು ಗಂಟೆ ಉಜ್ಜಿದ. ಕುಳಿಗಳೆಲ್ಲ ಹೋಗಿ ಮಣಿ ಕನ್ನಡಿಯಾಯಿತು. ನಾನು ಫ್ರೀವೇ ಉದ್ದಕ್ಕೂ ಹಾಡಿಕೊಂಡು ಮನೆಗೆ ಬಂದೆ.

ಭಾನುವಾರ ಮಧ್ಯಾಹ್ನ ಅವಳು ಬಂದಳು. ನಾನು ಸರವನ್ನು ಬೆಳ್ಳಿ ತಟ್ಟೆಯಲ್ಲಿಟ್ಟು, ಜೊತೆಗೊಂದಿಷ್ಟು ಹೂವನ್ನೂ ಇಟ್ಟು ಮುಂದೆ ಹಿಡಿದೆ. ಅವಳು ಹವಳಗಳನ್ನು ಗುರುತು ಹಿಡಿದಳು, ನಡುವಿನದನ್ನು ಹಿಡಿಯಲಿಲ್ಲ. "ನಂದೆಲ್ಲಿ ಅಕ್ಕ?" ಅಂದಳು.

"ಇದೇ ನಿಂದು. ಮುಕ್ಕೆಲ್ಲ ತೆಗೆಸಿದೀನಿ ನೋಡು."

ಅವಳು ಹೆಬ್ಬೆರಳಿನ ಉಗುರನ್ನು ಮಣಿಯ ಬದಿಗೆ ಇಟ್ಟು ಮೆಲ್ಲಗೆ ಎಳೆದಳು. ಮಣಿ ತಿರುಗಿಸಿ ಮತ್ತೆ ಎಳೆದಳು. ಎಲ್ಲೂ ಉಗುರು ನಿಲ್ಲಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು. ಸೋಫಾದ ಅಂಚಿನಲ್ಲಿ ಕೂತು ನಿಧಾನವಾಗಿ ಹೇಳಿದಳು. ಟಿಬೆಟಿನವರಲ್ಲಿ, ಉಳಿಯುವುದೇ ಕಷ್ಟ ಎನ್ನುವಂಥ ಕಾಯಿಲೆ ಬಂದರೆ ಝೀ ಮಣಿಯಿಂದ ಚಿಟಿಕೆಯಷ್ಟು ಕೆರೆದು ಔಷಧಿಗೆ ಹಾಕುತ್ತಾರೆ. ಮೊದಲನೆಯ ಕುಳಿ, ಟಿಬೆಟಿನಿಂದ ಓಡಿಬರುವಾಗ ಹಿಮದ ದಾರಿಯಲ್ಲಿ ಜ್ವರ ಬಂದ ಅಪ್ಪನಿಗೆ. ಎರಡನೆಯದು ತಮ್ಮನಿಗೆ, ಅವನು ಉಳಿಯಲಿಲ್ಲ. ಮೂರನೆಯದು ಅವಳಿಗೇ, ಏಳು ವರ್ಷದವಳಿದ್ದಾಗ. ಈ ಮೂರನ್ನೂ ಕೆರೆದವಳು ಅಮ್ಮ. ನಾಲ್ಕನೆಯದನ್ನು ಅಮ್ಮನಿಗಾಗಿ ಇವಳು ಕೆರೆದಿದ್ದಳು.

"ಪುಡಿ ಎಲ್ಲೋಯ್ತು ಅಕ್ಕ?"

ಚಕ್ರದ ಕೆಳಗಿನ ಬೂದುಬಣ್ಣದ ನೀರು ಗ್ಯಾರೇಜಿನ ಮೋರಿಗೆ ಹರಿದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳಿಗೆ ಅದನ್ನೇ ಹೇಳಿದೆ. ಕಾಲು ಹಿಡಿಯಲು ಬಗ್ಗಿದೆ, ಅವಳು ಬಿಡಲಿಲ್ಲ. ಈಗ ಬೇಕಾದರೆ ಅಪ್ಪನಿಗೆಂದು ಇನ್ನೊಂದು ಚಿಟಿಕೆ ಕೆರೆಯಬಹುದಲ್ಲ ಎಂದು ತೊದಲಿದೆ. ಯಂತ್ರಕ್ಕೆ ಕೊಟ್ಟ ಮೇಲೆ ಅದು ಮನುಷ್ಯರು ಮಾಡಿದ ಕಲ್ಲು, ಅದರಲ್ಲಿ ಔಷಧಿ ಇಲ್ಲ ಅಂದಳು. ನನಗೆ ಅಳು ಒತ್ತರಿಸಿ ಬಂತು. ಅವಳೇ ನನ್ನ ಬೆನ್ನು ಸವರಿದಳು, ಅದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ದಾರದ ಗಂಟು ಬಿಚ್ಚಿ, ಹವಳಗಳನ್ನಷ್ಟೇ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಮಣಿ ತಟ್ಟೆಯಲ್ಲೇ ಉಳಿಯಿತು. ಅಪ್ಪನಿಗೆ ತೋರಿಸುವುದಕ್ಕಾದರೂ ತೆಗೆದುಕೊಂಡು ಹೋಗು ಎಂದು ಬೇಡಿಕೊಂಡೆ.

"ನಮ್ಮಪ್ಪಂಗೆ ಕಣ್ಣು ಕಾಣಕಿಲ್ಲ ಅಕ್ಕ, ಐದು ವರ್ಷ ಆಯ್ತು. ಬೆರಳಲ್ಲೇ ನೋಡೋದು. ನಾನು ಅಲ್ಲಿದ್ದಾಗ ಆ ಕುಳಿ ಮುಟ್ಟಿ ಮುಟ್ಟಿ ಅಮ್ಮನ ಹೆಸ್ರು ಹೇಳ್ತಿದ್ದ. ಇದ್ನ ಕೊಟ್ರೆ ಯಾರ್ದೋ ಅಂತಾನೆ."

ಹಾಗಾದರೆ ಅವನು ಕೇಳಿದರೆ ಏನು ಹೇಳುತ್ತೀಯ ಎಂದೆ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಯೋಚಿಸಿದಳು.

"ಕಳ್ದೋಯ್ತು ಅಂದ್ರೆ ಅಳ್ತಾನೆ. ದುಡ್ಡಿಗೆ ಮಾರ್ಬುಟ್ಟೆ ಅಂತೀನಿ. ಬೈತಾನೆ. ಸಾಯೋ ಹೊತ್ತಲ್ಲಿ ಅಳೋದಕ್ಕಿಂತ ನನ್ನ ಬೈಯೋದು ವಾಸಿ."

ಬಸ್‌ಸ್ಟಾಪಿನವರೆಗೆ ಬರುತ್ತೇನೆಂದರೆ ಬೇಡವೆಂದಳು. ಅವಳು ಮತ್ತೆ ಮೆನ್ಲೋ ಪಾರ್ಕಿಗೆ ಬರಲಿಲ್ಲ. ಕ್ಯಾಂಪಿನ ವಿಳಾಸಕ್ಕೆ ಮೂರು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಅವಳು ಹೋಗಿ ತಲುಪುವಾಗ ಅವಳ ಅಪ್ಪ ಇದ್ದನೇ, ಮಗಳನ್ನು ಬೈದನೇ, ಬೈಯುತ್ತಲೇ ಹೋದನೇ, ನನಗೆ ಗೊತ್ತಿಲ್ಲ.