ಫೋಟೋದ ಅಂಚಿನಲ್ಲಿ ನಿಂತವಳು

ಹಳೆಯ ಫೋಟೋ ಕೈಗೆ ಬಂದರೆ ನಮ್ಮ ಇತಿಹಾಸದ ಮೇಡಂ ಸೋಡಾಗ್ಲಾಸಿನ ಕನ್ನಡಕ ತೆಗೆದು ನೆತ್ತಿಗೇರಿಸಿ, ಮೂಗಿನ ತುದಿ ಫೋಟೋದ ಗಾಜಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದರು. ಗಾಜಿನ ಮೇಲೆ ಮೂಡಿದ ಬೆವರಿನ ಚುಕ್ಕೆಯನ್ನು ಸೆರಗಿನಲ್ಲಿ ಒರೆಸಿ ಮತ್ತೆ ನೋಡುತ್ತಿದ್ದರು.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಅವರು ನಮಗೆ ರಾಜರ ಕತೆಗಿಂತ ಹೆಚ್ಚಾಗಿ ನೂರು ವರ್ಷ ಹಿಂದಿನ ಹೆಂಗಸರ ಫೋಟೋಗಳನ್ನು ತೋರಿಸಿದರು. "ಮುಖ ಆಮೇಲೆ ನೋಡ್ರಮ್ಮ, ಅದನ್ನ ಫೋಟೋದೋನು ಹೇಳಿ ಕೂರಿಸಿರ್ತಾನೆ. ಮೊದಲು ಕೈ ನೋಡಿ. ಕುರ್ಚಿ ಯಾರಿಗೆ ಸಿಕ್ಕಿದೆ ನೋಡಿ. ಕೈಲಿರೋ ಪುಸ್ತಕ ಅವಳದ್ದಾ, ಸ್ಟುಡಿಯೋದ್ದಾ?"

ನಾನು ಎರಡನೇ ವರ್ಷದ ಬಿ.ಎ.ಯಲ್ಲಿದ್ದಾಗ ಕೆಂಚಾರ್ಲಹಳ್ಳಿಯ ನಮ್ಮ ಮನೆಗೆ ಸುಣ್ಣ ಬಣ್ಣವಾಯಿತು. ಗೋಡೆಯಿಂದ ಇಳಿಸಿದ ಒಂದು ಫೋಟೋವನ್ನು ದೊಡ್ಡದು ಮಾಡಿಸಲು ಚಿಕ್ಕಪ್ಪ ಚಿಂತಾಮಣಿಯ ಸ್ಟುಡಿಯೋಗೆ ಒಯ್ಯುವವರಿದ್ದರು. ನಾನು ಮೇಡಂಗೆ ಹೇಳಿದೆ. ಭಾನುವಾರ ಬಸ್ಸು ಹತ್ತಿ ಬಂದೇಬಿಟ್ಟರು.

ಫೋಟೋದಲ್ಲಿ ಕುರ್ಚಿಯ ಮೇಲೆ ನನ್ನ ತಾತನ ಅಜ್ಜಿ ಕೂತಿದ್ದರು. ಮೈತುಂಬ ಒಡವೆ, ಕಾಲಲ್ಲಿ ಬೂಟು. ಅಂಚಿನಲ್ಲಿ ರವಿಕೆಯಿಲ್ಲದ, ಬರಿಗಾಲಿನ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಆ ಮಗುವೇ ನಮ್ಮಜ್ಜಿಯ ಮಾವ, ನನ್ನ ಮುತ್ತಾತ.

"ಆ ಕಡೆಯೋಳು ಆಳು ಮೇಡಂ. ಅವಳನ್ನ ತೆಗೆಸಿ, ಮಗೂನ ತಾಯಿ ಪಕ್ಕಕ್ಕೆ ಕೂರಿಸ್ತಾರಂತೆ ಕಂಪ್ಯೂಟರ್‌ನಲ್ಲಿ," ಅಂದರು ಚಿಕ್ಕಪ್ಪ.

ಮೇಡಂ ಬಹಳ ಹೊತ್ತು ನೋಡಿದರು. "ಆಗಿನ ಕ್ಯಾಮೆರಾ ಮುಂದೆ ಮಗು ಚೂರು ಅಲುಗಿದ್ರೂ ಮುಖ ಕಲಸಿ ಹೋಗ್ತಿತ್ತು. ಇದು ಎಷ್ಟು ನೆಮ್ಮದಿಯಾಗಿದೆ ನೋಡಿ. ಅವಳ ಸೆರಗನ್ನ ಮುಷ್ಟಿ ತುಂಬಾ ಹಿಡ್ಕೊಂಡಿದೆ. ಅಜ್ಜಿ, ಈಕೆ ಬರೀ ಆಳಾ?"

ಅಜ್ಜಿ ಸೊಸೆಯರತ್ತ ನೋಡಿದಳು, ಮಗನತ್ತ ನೋಡಿದಳು. ಆಮೇಲೆ ಮೆಲ್ಲಗೆ ಬಾಯಿ ಬಿಟ್ಟಳು. "ಹೆತ್ತೋಳಿಗೆ ಹಾಲಿರ್ಲಿಲ್ಲವಂತೆ ಕಣಮ್ಮ. ಕೇರಿಯೋಳ ಹಾಲು ಕುಡಿದು ಬದುಕಿದೋನು ನಾನು ಅಂತ ಮಾವನೋರೇ ನನ್ನ ಹತ್ರ ಅಂದಿದ್ರು. ಹೊರಗೆ ಹೇಳ್ಬಾರ್ದು ಅಂತ ಅತ್ತೆ ಆಣೆ ಹಾಕ್ಸಿದ್ರು."

ಮೇಡಂ ಕಣ್ಣು ಒದ್ದೆಯಾದದ್ದನ್ನು ನಾನು ಅಂದೇ ಮೊದಲು ನೋಡಿದ್ದು. "ನಾನೂ ಕೇರಿಯೋಳೇ ಅಜ್ಜಿ. ನಮ್ಮನೇಲಿ ಒಂದೇ ಒಂದು ಹಳೇ ಫೋಟೋ ಇಲ್ಲ. ನಮ್ಮ ಮುತ್ತಜ್ಜಿಯರೆಲ್ಲ ಹೀಗೆ ಬೇರೆಯೋರ ಫೋಟೋ ಅಂಚಲ್ಲೇ ನಿಂತಿದ್ದಾರೆ. ಕತ್ತರಿಸಿಬಿಟ್ರೆ ಅವರನ್ನ ಎಲ್ಲಿ ಹುಡುಕಲಿ?"

ಹೊರಗಿನವರಿಗೆ ಜಗಲಿಯಲ್ಲೇ ಕಾಫಿ ಕೊಟ್ಟು ಕಳಿಸುತ್ತಿದ್ದ ನಮ್ಮಜ್ಜಿ ಎದ್ದು ಅವರ ಕೈ ಹಿಡಿದಳು. "ಒಳಗೆ ಬಾರಮ್ಮ. ಮುದ್ದೆ, ಅವರೆಕಾಳು ಸಾರು ಮಾಡಿದೀವಿ. ಉಣ್ದೆ ಕಳ್ಸಲ್ಲ." ಅಡುಗೆಮನೆಯಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡು ತುಪ್ಪ ಹಾಕಿದಳು. ಮಾರನೆಯ ದಿನ ಚಿಕ್ಕಪ್ಪ ಸ್ಟುಡಿಯೋಗೆ ಹೋಗಿ, ಒಂದು ಅಂಚನ್ನೂ ಬಿಡದೆ ಇಡೀ ಫೋಟೋ ದೊಡ್ಡದು ಮಾಡಿಸಿ ತಂದರು.

ಹಾಲೂಡಿದ ಆಕೆಯ ಹೆಸರಿಗಾಗಿ ಮೇಡಂ ಮತ್ತು ನಾನು ಊರೆಲ್ಲ ವಿಚಾರಿಸಿದೆವು. ಸಿಗಲಿಲ್ಲ. "ಬಿಡಬೇಡ, ಕೇಳ್ತಾ ಇರು," ಅನ್ನುತ್ತಿದ್ದರು. ಹೋದ ವರ್ಷ ತೀರಿಕೊಂಡರು. ನಾನೀಗ ಗೌರಿಬಿದನೂರಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನೋಡುವುದನ್ನು ಕಲಿಸಿದವರು ಅವರು. ಆ ಋಣ ಹಾಗೇ ಇದೆ.

ಮೊನ್ನೆ ಮನೆಗೆ ಬಂದ ನೆಂಟರಿಗೆ ನನ್ನ ಅಣ್ಣನ ಮಗಳು ಗೋಡೆಯತ್ತ ಕೈ ತೋರಿಸಿ ಹೇಳುತ್ತಿದ್ದಳು: "ನಮ್ಮಪ್ಪನ ಮುತ್ತಾತಂಗೆ ಇಬ್ರು ಅಮ್ಮಂದಿರು ಗೊತ್ತಾ?"