ತಾಟಿನಲ್ಲಿ ಬಂದ ಮಣ್ಣು

ನಮ್ಮ ಶಾಲೆ ಎಷ್ಟು ಹಳೆಯದು ಎಂದು ಯಾರಾದರೂ ಕೇಳಿದರೆ ಅದನ್ನು ನಡೆಸುವ ಶಿಕ್ಷಕಿ, ನಮ್ಮ ದೊಡ್ಡ ಅಕ್ಕೋರು, ಇಸವಿ ಹೇಳುತ್ತಿರಲಿಲ್ಲ. ಅಂಗಳದ ಬೇವಿನ ಗಿಡದ ಕಡೆ ಕೈ ಮಾಡುತ್ತಿದ್ದರು. ಗಿಡದ ಬುಡದಲ್ಲಿ ಮೊಳಕಾಲೆತ್ತರ ಮಣ್ಣು ಏರಿತ್ತು. ಯಾರೂ ಕಟ್ಟಿಸಿದ ಕಟ್ಟೆಯಲ್ಲ ಅದು. ವರ್ಷ ವರ್ಷವೂ ಮಕ್ಕಳ ಜೊತೆ ತಾಟಿನಲ್ಲಿ ಬಂದು ಬಿದ್ದ ಮಣ್ಣು.

ವಿಜಾಪುರದ ಒಂದು ಹಂಚಿನ ಮನೆಯ ಪಡಸಾಲೆಯಲ್ಲಿ ಕ್ರೈಸ್ತರು ಈ ಖಾಸಗಿ ಶಾಲೆ ತೆರೆದಾಗ ಒಂದು ತಿಂಗಳು ಒಂದು ಮಗುವೂ ಬರಲಿಲ್ಲವಂತೆ. ಅಕ್ಕೋರು ಆಗ ಹರೆಯದವರು. ದಿನಾ ಗಂಟೆ ಹೊಡೆದು, ಖಾಲಿ ಚಾಪೆಯ ಎದುರು ಕೂತು, ಸಂಜೆ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಓಣಿಯಲ್ಲಿ ಒಂದೇ ಮಾತು: "ಅಲ್ಲಿ ಹ್ವಾದ್ರ ಜಾತಿ ಕೆಡಸ್ತಾರ." ಕಡೆಗೆ ಗಾಣಿಗರ ಹೆಣ್ಣುಮಗಳೊಬ್ಬಳು ಮಗನನ್ನು ಕರೆದುಕೊಂಡು ಬಂದಳು. ಅವಳ ಕೈಯಲ್ಲೊಂದು ಹಿತ್ತಾಳೆ ತಾಟು, ತಾಟಿನಲ್ಲಿ ತಮ್ಮ ಹೊಲದ ಎರೆಮಣ್ಣಿನ ಹುಡಿ.

"ಮೊದಲ ನಮ್ಮ ಶಿವನ ಹೆಸರು ಬರಸ್ರಿ ಅಕ್ಕೋರ. ಆಮ್ಯಾಲೆ ನಿಮ್ಮದು ಏನೈತಿ ಅದನ್ನ ಕಲಸ್ರಿ," ಎಂದಳು.

ಅಕ್ಕೋರು ಹುಡುಗನ ತೋರುಬೆರಳು ಹಿಡಿದು ಮಣ್ಣಿನಲ್ಲಿ ಬರೆಸಿದರು. ಅಕ್ಷರ ಬಿದ್ದ ಮಣ್ಣನ್ನು ಕಾಲಿಗೆ ಸಿಗುವಂತೆ ಚೆಲ್ಲಬಾರದಲ್ಲ, ಗಿಡದ ಬುಡಕ್ಕೆ ಸುರಿದರು. ಮರುದಿನ ಮೂವರು ಬಂದರು, ಮೂವರ ಕೈಯಲ್ಲೂ ತಾಟು.

ಅಲ್ಲಿಂದ ಅದೇ ಪದ್ಧತಿಯಾಯಿತು. ಶಾಲೆಗೆ ಹೆಸರು ಹಚ್ಚುವ ದಿನ ಮಗು ತನ್ನ ಮನೆಯ ಮಣ್ಣು ತರಬೇಕು, ತನ್ನ ಮನೆಯ ದೇವರ ಹೆಸರನ್ನು ಮೊದಲು ಬರೆಯಬೇಕು. ಮುಸಲ್ಮಾನರ ಮಕ್ಕಳು ಬರತೊಡಗಿದಾಗ ಅಕ್ಕೋರು ಪಕ್ಕದ ಪಿಂಜಾರರ ಮನೆಯ ಮುದುಕನ ಹತ್ತಿರ ಹೋಗಿ ಬಿಸ್ಮಿಲ್ಲಾ ಬರೆಯುವುದನ್ನು ಕಲಿತು ಬಂದರು. ಪಡಸಾಲೆ ಸಾಲದಾಗಿ ಮೂರು ಕೋಣೆಗಳು ಎದ್ದವು. ತಿಕೋಟಾದಲ್ಲಿ ಒಬ್ಬ ಮಾಸ್ತರರ ಒಂದು ಶಾಖೆ, ಆಮೇಲೆ ಬಬಲೇಶ್ವರದ ಸಂತೆಯ ಬಯಲಿನ ಹತ್ತಿರ ಇನ್ನೊಂದು. ಅಲ್ಲಿಯ ಮಕ್ಕಳು ಬರೆದ ಮಣ್ಣು ಕೂಡ ಗೋಣಿಚೀಲದಲ್ಲಿ ಮೋಟಾರು ಹತ್ತಿ ಇದೇ ಬೇವಿನ ಬುಡಕ್ಕೆ ಬರುತ್ತಿತ್ತು. ತಿಕೋಟಾದ ಕೆಂಚು ಮಸಾರಿ ಮಣ್ಣು, ಸಾರವಾಡದ ಕಡೆಯ ಡೋಣಿ ಹೊಳೆಯ ಉಪ್ಪುಪ್ಪು ಉಸುಕು, ಮಧ್ಯೆ ಮಧ್ಯೆ ಕರಿ ಎರೆ. ಮಳೆ ಹೊಡೆದ ಕಡೆ ಪದರುಗಳು ಎದ್ದು ಕಾಣುತ್ತಿದ್ದವು.

ನಾನೂ ಅಲ್ಲಿ ಒಂದು ತಾಟು ಸುರಿದವನೇ. ನಮ್ಮದು ತಿಕೋಟಾದಿಂದ ಬಂದು ವಿಜಾಪುರದಲ್ಲಿ ಅಡತಿ ಅಂಗಡಿ ಇಟ್ಟ ಲಿಂಗಾಯತ ಮನೆ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಬೇಕಿತ್ತು. ನಾನು ಮುಚ್ಚುತ್ತಿರಲಿಲ್ಲ. ಕಣ್ಣು ತೆರೆದವನನ್ನು ಹಿಡಿಯಬೇಕಾದರೆ ಹಿಡಿಯುವವನೂ ಕಣ್ಣು ತೆರೆದಿರಬೇಕು. ಆದ್ದರಿಂದ ನನ್ನ ಮೇಲೆ ದೂರು ಹೇಳುವವನು ತಾನೇ ತಪ್ಪಿತಸ್ಥ ಎಂಬುದು ನನ್ನ ಲೆಕ್ಕ. ಒಂದು ದಿನ ಹಾಗೆ ನೋಡುತ್ತಿದ್ದಾಗ ಅಕ್ಕೋರೂ ಕಣ್ಣು ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಬಾಯಿ ಪ್ರಾರ್ಥನೆ ಹೇಳುತ್ತಿತ್ತು, ಕಣ್ಣು ಸಾಲು ಸಾಲಾಗಿ ಮಕ್ಕಳ ಮೇಲೆ ಓಡುತ್ತಿತ್ತು. ಅವರು ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಒಂದು ಒಪ್ಪಂದವಾದಂತಾಯಿತು.

ಮುಂದೆ ಧಾರವಾಡದ ಕಾಲೇಜಿಗೆ ಹೋದೆ. ಅಲ್ಲಿಯ ಚರ್ಚಾಕೂಟದಲ್ಲಿ ಎರಡು ಸಲ ಮೊದಲಿಗನಾದೆ. ರಜೆಗೆ ಊರಿಗೆ ಬಂದಾಗ ಗೋಳಗುಮ್ಮಟ ಹತ್ತಿ ವಾದದ ಅಭ್ಯಾಸ ಮಾಡುತ್ತಿದ್ದೆ. ಅಲ್ಲಿ ಆಡಿದ ಮಾತು ಏಳು ಸಲ ತಿರುಗಿ ಬರುತ್ತದೆ. ಏಳು ಮಂದಿ ನನ್ನನ್ನು ಒಪ್ಪಿದರು ಎಂದುಕೊಂಡು ಇಳಿದು ಬರುತ್ತಿದ್ದೆ.

ಯುದ್ಧದ ಕಾಲ ಅದು. ಸೀಮೆಎಣ್ಣೆ, ಕಾಗದ ಎಲ್ಲಕ್ಕೂ ಅಭಾವ. ಆ ವರ್ಷ ಶಾಲೆಯ ಸ್ನೇಹಸಮ್ಮೇಳನದಲ್ಲಿ ಹಳೆಯ ವಿದ್ಯಾರ್ಥಿಗಳ ಚರ್ಚೆ ಇಟ್ಟಿದ್ದರು. ಅಧ್ಯಕ್ಷರಾಗಿ ಬಂದವರು ಶಾಲೆಯ ಮೇಲ್ವಿಚಾರಣೆ ನೋಡುವ ಪಾದ್ರಿಗಳು. ಕರಾವಳಿಯ ಕಡೆಯವರು, ಬಿಳಿ ಗಡ್ಡ, ಪುಸ್ತಕದಂಥ ಕನ್ನಡ. ನಾನು ಎದ್ದು ನಿಂತು ಬೇವಿನ ಗಿಡದ ಕಡೆ ಬೆರಳು ಮಾಡಿದೆ.

"ಈ ಶಾಲೆಯವರಿಗೆ ಒಂದು ಪ್ರಶ್ನೆ. ನಿಮ್ಮ ದೇವರೊಬ್ಬನೇ ನಿಜವಾದರೆ ಈ ಮಕ್ಕಳ ಬೆರಳು ಹಿಡಿದು ಬೇರೆ ದೇವರ ಹೆಸರನ್ನು ಯಾಕೆ ಬರೆಸುತ್ತೀರಿ? ಎಲ್ಲ ದೇವರೂ ನಿಜವಾದರೆ ಪ್ರಾರ್ಥನೆಯಲ್ಲಿ ನಿಮ್ಮ ದೇವರ ಎದುರಿಗಷ್ಟೇ ಅವರ ಕಣ್ಣು ಯಾಕೆ ಮುಚ್ಚಿಸುತ್ತೀರಿ? ಎರಡರಲ್ಲಿ ಒಂದು ಸುಳ್ಳು. ಯಾವುದು?"

ಚಪ್ಪಾಳೆ ಬಿತ್ತು. ಎದುರು ಪಕ್ಷದವನು ತಡವರಿಸಿ ಕೂತ. ಪಾದ್ರಿಗಳು ನನ್ನ ಬೆನ್ನು ತಟ್ಟಿ, "ಈ ತರುಣನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ," ಎಂದರು. ಅಕ್ಕೋರು ಮಾತ್ರ ಚಪ್ಪಾಳೆ ಹೊಡೆಯದೆ ಮಕ್ಕಳಿಗೆ ಚುರುಮುರಿ ಹಂಚುವುದಕ್ಕೆ ಎದ್ದು ಹೋದರು.

ಉತ್ತರವಿಲ್ಲ ಎಂದವರು ಸುಮ್ಮನಿರಬಹುದಿತ್ತು. ಆದರೆ ಅವರು ಪ್ರಾಮಾಣಿಕರು. ಹದಿನೈದು ದಿನಕ್ಕೆ ಶಾಲೆಗೆ ಅವರ ಪತ್ರ ಬಂತು: ಶಾಲೆಯ ನಡವಳಿಕೆಯಲ್ಲಿ ಒಂದಕ್ಕೊಂದು ವಿರೋಧ ಇರಕೂಡದು, ಪ್ರಾರ್ಥನೆ ಬಿಡಲು ಬಾರದು, ಆದ್ದರಿಂದ ಬರುವ ಜೂನಿನಿಂದ ತಾಟಿನ ಪದ್ಧತಿ ಮೂರೂ ಕಡೆ ನಿಲ್ಲತಕ್ಕದ್ದು.

ನನಗೆ, ಸುಳ್ಳು ಯಾಕೆ ಹೇಳಲಿ, ಹೆಮ್ಮೆಯಾಯಿತು. ಮಾತಿನಿಂದ ಒಂದು ಪದ್ಧತಿ ಬಿದ್ದುಹೋಯಿತಲ್ಲ! ಆ ಹೆಮ್ಮೆ ಜೂನಿನವರೆಗೆ ಬಾಳಿತು.

ಜೂನಿನಲ್ಲಿ ಮಕ್ಕಳೇ ಬರಲಿಲ್ಲ. ವಿಜಾಪುರದಲ್ಲಿ ನಾಲ್ವರು, ತಿಕೋಟಾದಲ್ಲಿ ಒಬ್ಬ, ಬಬಲೇಶ್ವರದಲ್ಲಿ ಯಾರೂ ಇಲ್ಲ. ಆ ವರ್ಷವೇ ಶಾಲೆಗೆ ಏಳನೆಯ ಇಯತ್ತೆ, ಅಂದರೆ ಏಳನೆಯ ತರಗತಿ, ಸಿಗಬೇಕಿತ್ತು. ಮೂರೂ ಕಡೆ ಸೇರಿ ಇಪ್ಪತ್ತು ಹೊಸ ಮಕ್ಕಳು ಬಂದರೆ ಇನ್ನೊಬ್ಬ ಮಾಸ್ತರರನ್ನು ಕೊಡುತ್ತೇವೆ, ಏಳನೆಯದನ್ನು ತೆರೆಯಬಹುದು ಎಂದು ಮೇಲಿನವರು ಮೊದಲೇ ಹೇಳಿದ್ದರು. ಏಳನೆಯದಿದ್ದರೆ ಮುಲ್ಕಿ ಪರೀಕ್ಷೆಗೆ ಕೂಡಬಹುದು, ಮುಲ್ಕಿ ಪಾಸಾದವರು ಮಾಸ್ತರಿಕೆ ಮಾಡಬಹುದು. ನನ್ನ ತಂಗಿ ಆಗ ಆರನೆಯದನ್ನು ಮುಗಿಸಿ ಕೂತಿದ್ದಳು. ಅಪ್ಪ ಅವಳನ್ನು ಅಕ್ಕೋರ ಶಾಲೆಗಲ್ಲದೆ ಗಂಡುಹುಡುಗರ ಶಾಲೆಗೆ ಕಳಿಸುವವನಲ್ಲ.

ಒಂದು ಮಧ್ಯಾಹ್ನ ನನಗೆ ರೊಟ್ಟಿ ಬಡಿಸುತ್ತ ತಂಗಿ ಕೇಳಿದಳು: "ಅಣ್ಣಾ, ನೀ ಗೆದ್ದಿ ಅಂತಲ್ಲಾ?"

"ಹೂಂ."

"ಹಂಗಾರ ಹೇಳು, ನಾ ಏಳನೇತ್ತ ಎಲ್ಲಿ ಕಲೀಲಿ?"

"ಪಲ್ಯಾ ಹಾಕು," ಎಂದೆ. "ಪಲ್ಯಾ ತಾಟಿನ್ಯಾಗೇ ಐತಿ, ಕಣ್ಣು ತಗದು ನೋಡು," ಎಂದು ಒಳಗೆ ಹೋದಳು.

ಮರುದಿನ ಅಕ್ಕೋರ ಹತ್ತಿರ ಹೋದೆ. "ನಾನು ಕೆಡಿಸಿದ್ದು, ನಾನೇ ಹೋಗಿ ಮಂದೀನ ಒಪ್ಪಿಸ್ತೀನ್ರಿ," ಎಂದೆ.

"ಒಪ್ಪಸ್ತೀಯೇನಪಾ? ಬಾ, ನಾನೂ ಬರ್ತೀನಿ. ಮಾತ ನಿಂದು, ಮೋಟಾರ ಚೀಟಿ ನಂದು," ಎಂದು ನಕ್ಕರು.

ತಿಕೋಟಾಕ್ಕೆ ಇದ್ದಿಲಿನ ಮೋಟಾರಿನಲ್ಲಿ ಹೋದೆವು. ಪೆಟ್ರೋಲಿಲ್ಲದ ಆ ದಿನಗಳಲ್ಲಿ ಮೋಟಾರಿನ ಹಿಂದೆ ಇದ್ದಿಲಿನ ಒಲೆ ಕಟ್ಟಿರುತ್ತಿದ್ದರು. ಸಣ್ಣ ಏರಿದ್ದರೂ ಗಂಡಸರು ಇಳಿದು ನಡೆಯಬೇಕು. ಊರಬಾಗಿಲಿನ ಅಗಸಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಸೇರಿದ್ದರು. ಮಣ್ಣಿನಲ್ಲಿ ಬರೆದರೆ ವಿದ್ಯೆ ಬರುವುದಿಲ್ಲ, ಪಾಟಿಯ ಮೇಲೆ ಬರೆದರೂ ಅಕ್ಷರ ಅಕ್ಷರವೇ, ಶಾಲೆ ಮೊದಲಿನದೇ, ಅಕ್ಕೋರು ಮೊದಲಿನವರೇ, ಹಾಗಾದರೆ ಏನು ಬದಲಾಯಿತು ಎಂದು ಅರ್ಧ ತಾಸು ಮಾತಾಡಿದೆ. ಪ್ರತಿಯೊಂದಕ್ಕೂ "ಖರೆ ಐತಿ ತಮ್ಮಾ" ಎಂದರು.

"ಖರೆ ಇದ್ದರ ಹುಡುಗುರನ್ನ ಕಳಸ್ರಿ ಮತ್ತ."

ಹತ್ತಿ ವ್ಯಾಪಾರದ ಮುಸಲ್ಮಾನ ಹಿರಿಯರೊಬ್ಬರು ಗಡ್ಡ ನೀವಿಕೊಂಡು ಹೇಳಿದರು: "ನಿನ್ನ ಮಾತ ಖರೆ ಐತಿ ಬೇಟಾ. ನೀ ಮಾತಾಡೂದ ಚಂದ ಐತಿ. ಆದ್ರ ನಿನ್ನ ಮಾತ ಕೇಳಿನೇ ಆ ಪಾದ್ರಿ ತಾಟ ಬಿಡಸ್ಯಾನಂತಲ್ಲ? ನಾಳೆ ಇನ್ನೇನ ಬಿಡಸ್ತಿ, ಯಾರಿಗೆ ಗೊತ್ತು?"

ಕಟ್ಟೆಯೆಲ್ಲ ನಕ್ಕಿತು. ಅಕ್ಕೋರೂ ನಕ್ಕರು.

ಬಬಲೇಶ್ವರದಲ್ಲಿ ನಾನು ಮಾತಾಡಲಿಲ್ಲ. ಮಾತಾಡಬೇಕೆಂದಿದ್ದೆ, ಅಕ್ಕೋರು ಬಿಡಲಿಲ್ಲ. ಒಂದು ಮನೆಯ ಮುಂದೆ ಮುದುಕಿ ಆಯಿಯೊಬ್ಬಳು ಜೋಳ ಹಸನು ಮಾಡುತ್ತ ಕೂತಿದ್ದಳು. ಪಕ್ಕದಲ್ಲಿ ಆರು ವರ್ಷದ ಮೊಮ್ಮಗಳು. ಅಕ್ಕೋರು ಅವಳ ಪಕ್ಕ ಕೂತು ತಾವೂ ಮೊರ ಹಿಡಿದರು.

"ಕೂಸಿನ ಹೆಸರು ಹಚ್ಚಲಿಲ್ಲಲ್ಲ ಯವ್ವಾ?"

"ಹ್ಯಾಂಗ ಹಚ್ಚೂದ್ರಿ ಅಕ್ಕೋರ? ನನ್ನ ಮಗಂದು ಬರಸಿದಾಗ ನೀವ ಅವನ ಬೊಟ್ಟ ಹಿಡದಿದ್ರಿ. ನಮ್ಮ ದೇವರ ಹೆಸರ ಬರಿಯಾಕ ನಿಮಗ ಹೇಸಿಗಿ ಇಲ್ಲ ಅಂತ ನಮಗ ಅವತ್ತ ತಿಳೀತು. ಓದು ಬರಹ ನಮಗೇನ ಗೊತ್ತಾಕ್ಕೈತ್ರಿ? ಅದೊಂದ ಗೊತ್ತಾಗಿತ್ತು. ಈಗ ಅದನ್ನೂ ಬ್ಯಾಡ ಅಂದ್ರ ಏನ ನೋಡಿ ಕಳಸೂದು?"

ನಾನು ವಾದದಲ್ಲಿ ಕೇಳಿದ್ದು ಯಾವ ದೇವರು ನಿಜ ಎಂದು. ಈ ಮುದುಕಿ ನೋಡಿದ್ದು ಯಾರ ಕೈ ಯಾರ ಮಗುವಿನ ಬೆರಳು ಹಿಡಿಯಿತು ಎಂದು. ಇಷ್ಟು ಮಂದಿಯನ್ನು ಇಷ್ಟು ವರ್ಷ ಶಾಲೆಗೆ ತಂದದ್ದು ತಾಟೂ ಪ್ರಾರ್ಥನೆಯೂ ಜೊತೆಗಿದ್ದ ಆ ವಿರೋಧವೇ, ನಾನು ಸುಳ್ಳೆಂದು ವಾದಿಸಿದ್ದು.

ಎದ್ದು ಬರುವಾಗ ಅಕ್ಕೋರು ಆಯಿಯ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ನಾನು ಕೇಳಿದರೆ, "ಸಾರವಾಡದ ಮುಂದ ಏರ ಐತಿ, ಇಳದ ನಡಿಯಾಕ ತಯಾರಾಗು," ಎಂದರು.

ಮುಂದಿನ ಸೋಮವಾರ ಪಾದ್ರಿಗಳು ವಿಜಾಪುರಕ್ಕೆ ಬಂದರು, ಹಾಜರಿ ಪುಸ್ತಕ ನೋಡಿ ಏಳನೆಯ ಇಯತ್ತೆಯ ವಿಷಯ ತೀರ್ಮಾನಿಸಲು. ನಾನು ಮೊದಲೇ ಹೋಗಿ ಕಾಯುತ್ತಿದ್ದೆ. ಜೇಬಿನಲ್ಲಿ ನಾಲ್ಕು ಪುಟದ ಟಿಪ್ಪಣಿ: ನನ್ನದೇ ವಾದಕ್ಕೆ ನಾನೇ ಬರೆದ ಖಂಡನೆ. ತಂಗಿ ಅಂಗಳ ಗುಡಿಸುವ ನೆಪದಲ್ಲಿ ಬಂದು ಗಿಡದ ಹತ್ತಿರ ನಿಂತಿದ್ದಳು.

ಪಾದ್ರಿಗಳು ಬೇವಿನ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಪುಸ್ತಕ ಬಿಚ್ಚಿದರು. ನನ್ನನ್ನು ಕಂಡು, "ಬನ್ನಿ, ನಮ್ಮ ತರ್ಕಪಂಡಿತರೇ. ಮಕ್ಕಳು ಬಂದಿಲ್ಲವಲ್ಲ, ಇದಕ್ಕೇನು ಹೇಳುತ್ತೀರಿ?" ಎಂದರು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಬಬಲೇಶ್ವರದ ಆಯಿ ನಿಂತಿದ್ದಳು. ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದರಲ್ಲಿ ಬಟ್ಟೆ ಮುಚ್ಚಿದ ತಾಟು. ಅವಳು ಸುತ್ತ ನೋಡಿದಳು. ಅಕ್ಕೋರು ಕೋಣೆಯ ಬಾಗಿಲಲ್ಲೇ ನಿಂತಿದ್ದರು, ಮುಂದೆ ಬರಲಿಲ್ಲ. ಆಯಿ ನೆಟ್ಟಗೆ ಬಿಳಿ ಗಡ್ಡದವರ ಹತ್ತಿರ ಹೋದಳು.

"ಯಪ್ಪಾ, ನೀವ ದೊಡ್ಡ ಮಾಸ್ತರೇನ್ರಿ? ನಮ್ಮ ಕೂಸಿನ ಬೊಟ್ಟ ಹಿಡದು ಓಂ ನಮಃ ಶಿವಾಯ ಬರಸ್ರಿ. ನನಗ ಓದಾಕ ಬರೂದಿಲ್ಲ, ನೀವ ಏನ ಬರಸ್ತೀರಿ ಅದ ಖರೆ."

ಪಾದ್ರಿಗಳು ತಾಟು ನೋಡಿದರು, ನನ್ನ ಕಡೆ ನೋಡಿದರು. ನಾನೇನಾದರೂ ಹೇಳುತ್ತೇನೆಂದು ಕಾಯುತ್ತಿದ್ದರು. ಹೇಳುವುದು ನಾಲ್ಕು ಪುಟ ಇತ್ತು. ನಾನು ಖಾಲಿ ಕೈಯನ್ನು ಜೇಬಿನಿಂದ ಹೊರಗೆ ತೆಗೆದೆ.

ಅವರು ಪುಸ್ತಕ ಮುಚ್ಚಿ ಕುರ್ಚಿಯಿಂದ ಇಳಿದು ಮಣ್ಣಿನ ಮೇಲೆ ಕೂತರು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅದರ ಬೆರಳು ಹಿಡಿದರು. ಅಲ್ಲಿ ಅವರು ಏನು ಬೇಕಾದರೂ ಬರೆಯಿಸಬಹುದಿತ್ತು. ತಮ್ಮ ದೇವರ ಹೆಸರನ್ನು ಬರೆಯಿಸಿದ್ದರೂ ಮುದುಕಿ ಕೈ ಮುಗಿದು ಹೋಗುತ್ತಿದ್ದಳು. ತಂಗಿ ಪೊರಕೆ ಹಿಡಿದುಕೊಂಡೇ ಬಾಗಿ ನೋಡುತ್ತಿದ್ದಳು. ಬೆರಳು ನಿಧಾನಕ್ಕೆ ಸರಿಯಿತು. ಒಂದೊಂದೇ ಅಕ್ಷರ, ದುಂಡಗೆ, ಆಯಿ ಕೇಳಿದ್ದೇ. ಬರೆದು ಮುಗಿದ ಮೇಲೆ ತಂಗಿ ಗಟ್ಟಿಯಾಗಿ ಓದಿ ಹೇಳಿದಳು. ಆಯಿ ಕೆನ್ನೆಗೆ ಕೈ ಹಚ್ಚಿಕೊಂಡು, "ಬರೋಬ್ಬರಿ ಐತ್ರೆಪಾ," ಎಂದಳು, ಓದು ಬಂದವಳ ಹಾಗೆ.

ಪಾದ್ರಿಗಳು ತಾವೇ ತಾಟು ಎತ್ತಿ ಮಣ್ಣನ್ನು ಗಿಡದ ಬುಡಕ್ಕೆ ಸುರಿದರು. ಅಕ್ಕೋರಿಗೆ, "ಇನ್ನು ಎಷ್ಟು ತಾಟು ಬರಬೇಕು?" ಎಂದು ಕೇಳಿದರು.

"ಹದಿನಾಲ್ಕ್ರಿ."

"ಆದೇಶ ನನ್ನದು. ಅದನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ," ಎಂದರು ಪಾದ್ರಿಗಳು. ಕೈಯ ಮಣ್ಣು ಕೊಡವಿಕೊಂಡು, "ನಾನು ಶುಕ್ರವಾರದವರೆಗೆ ಇಲ್ಲೇ ಇರುತ್ತೇನೆ. ಅಷ್ಟರೊಳಗೆ ಬರಲಿ," ಎಂದರು.

ಶುಕ್ರವಾರಕ್ಕೆ ಹತ್ತೊಂಬತ್ತು ಬಂದವು. ತಿಕೋಟಾದ ಹತ್ತಿ ವ್ಯಾಪಾರಿ ಮೊಮ್ಮಗನ ಜೊತೆ ತಾನೇ ಬಂದ. ಬಿಸ್ಮಿಲ್ಲಾ ಮಾತ್ರ ಅಕ್ಕೋರೇ ಬರೆಸಬೇಕಾಯಿತು, ಪಾದ್ರಿಗಳಿಗೆ ಬರುತ್ತಿರಲಿಲ್ಲ. ತಂಗಿ ಏಳನೆಯ ಇಯತ್ತೆಯಲ್ಲಿ ಕೂತಳು, ಮುಲ್ಕಿ ಪಾಸಾದಳು. ಈಗ ಬಬಲೇಶ್ವರದ ಶಾಖೆಯಲ್ಲಿ ಅವಳೇ ಮಕ್ಕಳ ಬೆರಳು ಹಿಡಿಯುತ್ತಾಳೆ. ತಾಟು ನಿಲ್ಲಿಸಬೇಕೆಂಬ ಆದೇಶ ಇಂದಿಗೂ ಶಾಲೆಯ ಕಪಾಟಿನಲ್ಲಿದೆ, ಯಾರೂ ಅದನ್ನು ರದ್ದು ಮಾಡಿಲ್ಲ. ನನ್ನ ಪ್ರಶ್ನೆಗೂ ಯಾರೂ ಉತ್ತರ ಕೊಟ್ಟಿಲ್ಲ. ತರ್ಕದಲ್ಲಿ ಅದು ಈಗಲೂ ಸರಿಯಾಗಿಯೇ ಇದೆ.

ಆ ಶುಕ್ರವಾರ ಕೊನೆಯ ತಾಟು ಸುರಿದ ಮೇಲೆ ಪಾದ್ರಿಗಳು ಮಕ್ಕಳನ್ನೆಲ್ಲ ಗಿಡದ ಸುತ್ತ ನಿಲ್ಲಿಸಿ ಪ್ರಾರ್ಥನೆ ಮಾಡಿದರು. ಎಲ್ಲರೂ ಕಣ್ಣು ಮುಚ್ಚಿದರು. ಕೈಯೆಲ್ಲ ಮಣ್ಣಾಗಿದ್ದ ಹೊಸ ಕೂಸುಗಳೂ ಬೇರೆಯವರನ್ನು ನೋಡಿ ಮುಚ್ಚಿದವು. ನಾನು ಮುಚ್ಚಲಿಲ್ಲ. ಆಚೆ ಸಾಲಿನ ತುದಿಯಲ್ಲಿ ಅಕ್ಕೋರು ನಿಂತಿದ್ದರು, ತುಟಿ ಅಲುಗುತ್ತಿತ್ತು, ಕಣ್ಣು ಮಕ್ಕಳನ್ನು ಒಂದೊಂದಾಗಿ ಎಣಿಸುತ್ತ ಬಂದು ನನ್ನ ಮೇಲೆ ನಿಂತಿತು. ಮೊದಲಿನ ಹಾಗೆಯೇ ಅದು ಮುಂದಿನ ಕೂಸಿನ ಕಡೆಗೆ ಸರಿಯಿತು.