ಹೊಲಿಗೆಯಲ್ಲಿ ಹೋದ ಬೀದಿ

ಭೂಮಿ ಗುಂಡಗಿದೆ, ಒಪ್ಪಿಕೊಳ್ಳೋಣ. ಗುಂಡಗಿರುವುದನ್ನು ಚಪ್ಪಟೆ ಮಾಡಿ ಕಂಪ್ಯೂಟರಿನ ಫೈಲಿಗೆ ತುರುಕಬೇಕಾದರೆ ಎಲ್ಲಾದರೂ ಒಂದು ಕಡೆ ಸೀಳಲೇಬೇಕು, ಅದನ್ನೂ ಒಪ್ಪಿಕೊಳ್ಳೋಣ. ಆದರೆ ಸೀಳುವುದಕ್ಕೆ ಇಷ್ಟು ದೊಡ್ಡ ಪ್ರಪಂಚದಲ್ಲಿ ಸಮುದ್ರವಿಲ್ಲವೇ, ಮರುಭೂಮಿಯಿಲ್ಲವೇ, ಇವಳ ಊರಿನ ನಟ್ಟನಡುವೆಯೇ ಆಗಬೇಕಿತ್ತೇ? ಫೈಲು ತಯಾರಿಸಿದ ಪುಣ್ಯಾತ್ಮರನ್ನು ಇವಳು ದಿನಕ್ಕೊಮ್ಮೆಯಾದರೂ ಹೀಗೆ ಕೇಳುತ್ತಿದ್ದಳು. ಅವರಿದ್ದದ್ದು ಎಲ್ಲೋ ದೂರದಲ್ಲಿ. ಕೇಳಿಸಿಕೊಳ್ಳುವ ಕರ್ಮ ಪಕ್ಕದ ಮೇಜಿನವರದು.

ಭೂಮಾಪನ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಮೇಡಂ ಎನ್ನುತ್ತಿದ್ದರು. ಕೆಲಸ ಹೇಳುವುದಕ್ಕೆ ಸುಲಭ. ಉಪಗ್ರಹಗಳು ಮೇಲೆ ಹಾದುಹೋಗುವಾಗೆಲ್ಲ ನೆಲದ ಎತ್ತರ ಅಳೆಯುತ್ತವೆ. ಎಲ್ಲಿ ನೆಲ ಎಷ್ಟು ಕುಸಿಯುತ್ತಿದೆ ಎಂಬ ಲೆಕ್ಕ ವರ್ಷಕ್ಕೊಮ್ಮೆ ಒಂದೇ ದೊಡ್ಡ ಫೈಲಾಗಿ ಬರುತ್ತದೆ. ಪ್ರಪಂಚಕ್ಕೆಲ್ಲ ಚೌಕಳಿ ಹಾಕಿ, ಚೌಕಕ್ಕೊಂದು ಅಂಕಿ. ಅದರಲ್ಲಿ ತನ್ನ ಜಿಲ್ಲೆಯಷ್ಟನ್ನು ಕತ್ತರಿಸಿ ತೆಗೆದು, ಕುಸಿಯುವ ಕಡೆ ಕೆಂಪು, ಗಟ್ಟಿಯಿರುವ ಕಡೆ ಹಸಿರು ಹಚ್ಚಿ ನಕ್ಷೆ ಮಾಡಿಕೊಡಬೇಕು. ಬೇರೆ ಜಿಲ್ಲೆಯವರು ಒಂದೇ ಏಟಿಗೆ ಕತ್ತರಿಸಿ ಟೀ ಕುಡಿಯಲು ಹೋಗುತ್ತಾರೆ. ಇವಳ ಊರಿನ ಅರ್ಧ ಫೈಲಿನ ಎಡತುದಿಯಲ್ಲಿ, ಇನ್ನರ್ಧ ಬಲತುದಿಯಲ್ಲಿ, ನಡುವೆ ಇಡೀ ಪ್ರಪಂಚ. ಎರಡು ತುಂಡು ಕತ್ತರಿಸಿ, ಹೊಲಿದು ಒಂದು ಮಾಡಬೇಕು.

ಆ ಹೊಲಿಗೆಯಲ್ಲೂ ತಕರಾರು. ಸೀಳು ಬಿದ್ದ ಸಾಲಿನ ಚೌಕಗಳು ಫೈಲಿನ ಎರಡೂ ತುದಿಯಲ್ಲಿ ಇರುತ್ತಿದ್ದವು. ಹಾಗೇ ಹೊಲಿದರೆ ಆ ಸಾಲು ಎರಡು ಸಲ ಬರುತ್ತದೆ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಗೆ ಬಂದೂ ಇತ್ತು. ಸಾಹೇಬರು ಎಲ್ಲರೆದುರಿಗೆ, "ಒಂದು ಬೀದಿ ಎರಡಾಗಿದೆಯಲ್ಲಮ್ಮ, ಬೀದಿ ಮರಿ ಹಾಕ್ತಾ?" ಎಂದು ನಕ್ಕಿದ್ದರು. ಅಂದಿನಿಂದ ಹೊಲಿಯುವ ಮುಂಚೆ ಒಂದು ತುಂಡಿನ ಅಂಚಿನ ಸಾಲನ್ನು ಕತ್ತರಿಸಿ ಬಿಸಾಡುವುದು ಅವಳ ಪದ್ಧತಿ. ಯೋಚನೆ ಮಾಡದೆ ಕೈ ತಾನಾಗಿ ಮಾಡುವಷ್ಟು ಪದ್ಧತಿ.

ಈ ವರ್ಷವೂ ಹಾಗೇ ಮಾಡಿದಳು. ಹೊಲಿಗೆ ಎಲ್ಲಿದೆ ಎಂದು ಯಾರಿಗೂ ಗೊತ್ತಾಗದಂಥ ನಕ್ಷೆ ಪುರಸಭೆಗೆ ಹೋಯಿತು. ಕೆಂಪು ಬಿದ್ದ ಬೀದಿಗಳವರನ್ನು ಮಳೆಗಾಲದೊಳಗೆ ಬೇರೆಡೆ ಸಾಗಿಸುವುದೆಂದು ತೀರ್ಮಾನವಾಯಿತು. ಅವಳ ಅಕ್ಕನ ಮನೆಯಿದ್ದ ಬೀದಿ ಪೂರ್ತಿ ಹಸಿರು. ಅಕ್ಕನ ಫೋನುಗಳು ಶುರುವಾದದ್ದು ಆಮೇಲೆ, ಅದೂ ಇವಳು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ.

"ಬಾಗಿಲು ಹಾಕೋಕಾಗ್ತಿಲ್ಲ ಕಣೇ. ಗೋಡೆ ಬೇರೆ ಬಿರುಕು ಬಿಟ್ಟಿದೆ. ಮನೆ ಬಿಟ್ಟು ಹೋಗೋಣ ಅಂದ್ರೆ ನಿಮ್ಮ ಭಾವ ಕಿವಿಗೇ ಹಾಕ್ಕೊಳಲ್ಲ. ನೀನಾದ್ರೂ ಒಂದು ಮಾತು ಹೇಳು."

"ಅಕ್ಕ, ನಿಮ್ಮ ಬೀದಿ ಹಸಿರು. ನಾನೇ ಮಾಡಿದ ನಕ್ಷೆ ಅದು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿನ್ನ ಕಥೆ. ಮರ ಉಬ್ಬಿರುತ್ತೆ. ಭಾವ ಬಡಗಿ ತಾನೇ, ಸ್ವಲ್ಪ ಕೆತ್ತೋಕೆ ಹೇಳು."

"ಕೆತ್ತುತ್ತಾನೇ ಇದಾರೆ. ನಮ್ಮದಷ್ಟೇ ಅಲ್ಲ, ಈಗ ಬೀದಿಯವರೆಲ್ಲ ಬಾಗಿಲು ಕೆತ್ತಿಕೊಡಿ ಅಂತ ಇವರನ್ನೇ ಕರೀತಾರೆ. ಇವರಿಗೆ ಕೂತ್ಕೊಳೋಕೂ ಪುರುಸೊತ್ತಿಲ್ಲ."

"ಒಳ್ಳೇದೇ ಆಯ್ತಲ್ಲ, ಕೈ ತುಂಬ ಕೆಲಸ," ಎಂದು ಇವಳು ಫೋನಿಟ್ಟಳು. ಮರುದಿನ ಮತ್ತೆ ಅದೇ ರಾಗ. ರೋಸಿಹೋಗಿ, ರಜೆಯ ದಿನ ಅಕ್ಕನ ಬಾಯಿ ಮುಚ್ಚಿಸಿ ಬರೋಣವೆಂದೇ ಹೊರಟಳು.

ಹೋದಾಗ ಭಾವ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಬಿಚ್ಚಿ ಮಲಗಿಸಿದ್ದ ಬಾಗಿಲಿನ ಮೇಲಂಚಿಗೆ ಹತ್ತರಿ ಹೊಡೆಯುತ್ತಿದ್ದರು. ಮರದ ಹೊಟ್ಟು ಸುರುಳಿ ಸುರುಳಿಯಾಗಿ ಬಿದ್ದಿತ್ತು.

"ಬಾಮ್ಮ, ಒಳ್ಳೇ ಹೊತ್ತಿಗೆ ಬಂದೆ. ನಿಮ್ಮಕ್ಕಂಗೆ ಸ್ವಲ್ಪ ಬುದ್ಧಿ ಹೇಳು. ನಾದಿನಿ ಮಾಡಿದ ನಕ್ಷೆಗಿಂತ ಇವಳ ಭಯ ದೊಡ್ಡದಾ?"

ನಡುಮನೆಯ ಗೋಡೆಯ ಮೇಲೆ ಅವಳ ನಕ್ಷೆಯ ಪ್ರತಿಯಿತ್ತು. ಭಾವ ಅದನ್ನು ಬಿರುಕಿನ ಮೇಲೆಯೇ ಅಂಟಿಸಿದ್ದರು. ಬಿರುಕು ನಕ್ಷೆಯ ಕೆಳಗಿನಿಂದ ಹೊರಬಂದು ನೆಲದವರೆಗೂ ಇಳಿದಿತ್ತು, ಅವಳ ಕಿರುಬೆರಳು ಸಲೀಸಾಗಿ ಹೋಗುವಷ್ಟು. ಅಕ್ಕ ಟೀ ತಂದು ಮೇಜಿನ ಮೇಲಿಟ್ಟಳು. ಲೋಟ ತಾನಾಗಿಯೇ ಜಾರಿಕೊಂಡು ಬಂದು ಇವಳ ಕೈ ಮುಟ್ಟಿತು.

ಅಕ್ಕ ತಂಗಿಯ ಮುಖ ನೋಡಿದಳು. ಬಾಯಿ ಮುಚ್ಚಿಸಲು ಹೋದವಳು ತಾನೇ ಬಾಯಿ ಮುಚ್ಚಿಕೊಂಡು ಬಂದಳು.

ಬೆಳಗ್ಗೆ ಕಚೇರಿಗೆ ಹೋದವಳೇ ಚೀಲವನ್ನೂ ಇಳಿಸದೆ ಫೈಲು ತೆರೆದಳು. ಹೊಲಿಗೆಯ ಆಚೆ ಈಚೆಯ ಚೌಕಗಳ ಅಳತೆ ನೋಡಿದಳು. ನಡುವೆ ಇರಬೇಕಾದ ಒಂದು ಸಾಲು ಚೌಕಗಳೇ ಕಾಣೆ. ಈ ವರ್ಷ ಫೈಲು ಮಾಡಿದವರು ಆ ಸಾಲನ್ನು ಎರಡು ಸಲ ಇಡುವುದನ್ನು ನಿಲ್ಲಿಸಿದ್ದರು, ಹಾಗೆಂದು ಫೈಲಿನ ಮೊದಲಲ್ಲೇ ಹೇಳಿಯೂ ಇದ್ದರು. ಓದುವ ವ್ಯವಧಾನ ಯಾರಿಗಿತ್ತು? ಇವಳು ಎಂದಿನಂತೆ ಕತ್ತರಿಸಿ ಬಿಸಾಡಿದ್ದು ಹೆಚ್ಚುವರಿ ಸಾಲನ್ನಲ್ಲ, ಇದ್ದ ಒಂದೇ ಸಾಲನ್ನು. ಬಣ್ಣ ಹಚ್ಚುವ ಪ್ರೋಗ್ರಾಮಂತೂ ಮಹಾ ಮರ್ಯಾದಸ್ಥ, ಖಾಲಿ ಕಾಣಬಾರದೆಂದು ಅಕ್ಕಪಕ್ಕದ ಹಸಿರನ್ನೇ ಎಳೆದು ಮುಚ್ಚಿತ್ತು. ಅವಳು ಆ ಸಾಲನ್ನು ವಾಪಸು ಸೇರಿಸಿದಳು. ಅಕ್ಕನ ಬೀದಿ ಉದ್ದಕ್ಕೂ ಕೆಂಪಾಯಿತು, ಊರಿನಲ್ಲಿ ಅಷ್ಟು ಗಾಢ ಕೆಂಪು ಇನ್ನೆಲ್ಲೂ ಇರಲಿಲ್ಲ.

ಇಷ್ಟು ದಿನ ಬೈದದ್ದು ಯಾರನ್ನು, ಮಾಡಿದ್ದು ಯಾರು? ಅವಳು ಎದ್ದು ನೇರ ಸಾಹೇಬರ ಕೋಣೆಗೆ ನಡೆದಳು.

"ತಿದ್ದಬೇಕು ಅಂದ್ರೆ ಸಭೆ ಕರೀಬೇಕಮ್ಮ. ಮುಂದಿನ ವಾರ ನೋಡೋಣ," ಎಂದರು ಸಾಹೇಬರು.

"ನಿಮ್ಮ ಸಭೆ ಸೇರೋ ತನಕ ನೆಲ ಕಾಯಲ್ಲ ಸಾರ್. ತಪ್ಪು ನಂದು, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ನೀವು ಪುರಸಭೆಗೆ ಈಗಲೇ ಫೋನ್ ಮಾಡಿ." ಸಾಹೇಬರು ಗೊಣಗುತ್ತ ಫೋನು ಎತ್ತುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಅಲ್ಲಿಂದ ನೇರ ಅಕ್ಕನ ಮನೆ. ಕೂರಿಸಿದ್ದ ಬಾಗಿಲು ಮತ್ತೆ ಸಿಕ್ಕಿಕೊಂಡು, ಭಾವ ಮತ್ತೆ ಬಿಚ್ಚಿ ಮಲಗಿಸಿದ್ದರು.

"ಭಾವ, ನಕ್ಷೆ ತಪ್ಪು. ನಿಮ್ಮ ಬೀದಿ ಕೆಂಪು. ಇವತ್ತೇ ಹೊರಡಿ."

ಭಾವ ಹತ್ತರಿ ಕೆಳಗಿಡಲಿಲ್ಲ. "ಹಸಿರು ಅಂದೋಳೂ ನೀನೇ, ಕೆಂಪು ಅನ್ನೋಳೂ ನೀನೇ. ಯಾವ ಮಾತು ನಂಬ್ಲಿ ನಾನು?"

ಸಿಟ್ಟು ಬಂತು, ಯಾರ ಮೇಲೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ನನ್ನ ನಂಬಲೇಬೇಡಿ. ಈ ಬಾಗಿಲು ಮಾಡಿದಾಗ ಮೂಲೆ ಸರಿಯಿತ್ತಾ?"

"ಏನು ಮಾತು ಅಂತ ಆಡ್ತೀಯ. ನಾನು ಮಾಡಿದ ಬಾಗಿಲು."

"ಈಗ ಮಟ್ಟ ಇಟ್ಟು ನೋಡಿ."

ಭಾವ ಮೂಲೆಮಟ್ಟ ತಂದು ಬಾಗಿಲಿನ ಮೇಲ್ಮೂಲೆಗೆ ಇಟ್ಟರು. ಒಂದು ತುದಿ ಮರಕ್ಕೆ ತಾಗಿತು. ಇನ್ನೊಂದು ತುದಿಗೂ ಮರಕ್ಕೂ ನಡುವೆ ಮೂರು ಬೆರಳು ಜಾಗ. ಅವರು ತೆಗೆದು ಮತ್ತೊಮ್ಮೆ ಇಟ್ಟು ನೋಡಿದರು.

"ಹೊಲಿಗೆ ಸರಿಯಾಗಿ ಕೂರಲಿ ಅಂತ ನಾನು ಅಂಚು ಕತ್ತರಿಸ್ದೆ. ಬಾಗಿಲು ಸರಿಯಾಗಿ ಕೂರಲಿ ಅಂತ ನೀವು ಅಂಚು ಕೆತ್ತಿದ್ರಿ. ನಿಮ್ಮನ್ನೇನು ಅನ್ನಲಿ ಭಾವ," ಎಂದಳು ಅವಳು.

ಅಕ್ಕ ಒಳಗಿನಿಂದ ಗಂಟುಗಳನ್ನು ತಂದಿಟ್ಟಳು. ಯಾವಾಗಲೋ ಕಟ್ಟಿಟ್ಟುಕೊಂಡಿದ್ದಳು. ಭಾವ ಅವನ್ನು ನೋಡಲೂ ಇಲ್ಲ, ಎದ್ದು ಬೀದಿಗಿಳಿದರು.

"ಎಲ್ಲಿಗೆ ಹೊರಟ್ರಿ?" ಎಂದಳು ಅಕ್ಕ.

"ಈ ಬೀದೀಲಿ ಯಾರ್ಯಾರ ಬಾಗಿಲು ಕೆತ್ತಿದೀನಿ ಅಂತ ನಂಗಲ್ದೆ ಇನ್ಯಾರಿಗೆ ಗೊತ್ತು."

ಅವರು ಎದುರು ಮನೆಯ ಬಾಗಿಲು ತಟ್ಟಿದರು, ಕಳೆದ ವಾರವಷ್ಟೇ ಕೆತ್ತಿದ್ದ ಬಾಗಿಲು. ಒಳಗಿನಿಂದ ಯಾರೋ ಎಳೆಯುತ್ತಿದ್ದರು, ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಭಾವ ಹೊರಗಿನಿಂದ ಹೆಗಲು ಕೊಟ್ಟರು. ಅವಳೂ ಓಡಿಹೋಗಿ ಪಕ್ಕದಲ್ಲಿ ಹೆಗಲು ಕೊಟ್ಟು ನೂಕತೊಡಗಿದಳು.